ಸತ್ಯಾಂಶ: ಶುಗರ್ ಇಳಿದ ಫೆರೆಟ್‌ಗೆ ದಿನಾ ಜೇನುತುಪ್ಪ ನೆಕ್ಕಿಸಬಹುದೇ?

"ಫೆರೆಟ್‌ಗೆ ಶುಗರ್ ಕಡಿಮೆಯಾದರೆ ದಿನಾ ಜೇನುತುಪ್ಪ ಕೊಡಿ, ಸರಿಹೋಗುತ್ತೆ." ಅಮೆರಿಕದಲ್ಲಿ ಫೆರೆಟ್ (ಮುಂಗುಸಿಯಂತೆ ಕಾಣುವ ಪುಟ್ಟ ಸಾಕುಪ್ರಾಣಿ) ಸಾಕಿರುವ ಕನ್ನಡಿಗರಿಗೆ ಇಂಥ ಫಾರ್ವರ್ಡ್ ಬಂದಿರಬಹುದು. ದಯವಿಟ್ಟು ಇದನ್ನು ಪಾಲಿಸಬೇಡಿ.

ಮೂರು ವರ್ಷ ದಾಟಿದ ಫೆರೆಟ್‌ಗಳಲ್ಲಿ ಶುಗರ್ ಇಳಿಯಲು ಸಾಮಾನ್ಯ ಕಾರಣ ಇನ್ಸುಲಿನೋಮಾ, ಅಂದರೆ ಮೇದೋಜೀರಕ ಗ್ರಂಥಿಯ ಗಡ್ಡೆ. ಅದು ಬೇಕಿರಲಿ ಬೇಡದಿರಲಿ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಸಿಹಿ ಹೊಟ್ಟೆಗೆ ಬಿದ್ದರೆ ಇನ್ನಷ್ಟು ಸುರಿಸುತ್ತದೆ. ಏರಿದ ಸಕ್ಕರೆ ಸ್ವಲ್ಪ ಹೊತ್ತಿನಲ್ಲೇ ಮೊದಲಿಗಿಂತ ಕೆಳಗೆ ಕುಸಿಯಬಹುದು. ಫೆರೆಟ್ ಅಪ್ಪಟ ಮಾಂಸಾಹಾರಿ. ಅದಕ್ಕೆ ಬೇಕಾದದ್ದು ಮಾಂಸದ ಆಹಾರ, ನಾಲ್ಕು ಗಂಟೆಗೊಮ್ಮೆಯಾದರೂ, ರಾತ್ರಿಯೂ ಬಟ್ಟಲಲ್ಲಿ ಇರುವಂತೆ. ಒಣದ್ರಾಕ್ಷಿ, ಬಾಳೆಹಣ್ಣು ಕೂಡ ಬೇಡ.

ಹಾಗಾದರೆ ಜೇನುತುಪ್ಪಕ್ಕೆ ಜಾಗವೇ ಇಲ್ಲವೇ? ಇದೆ, ತುರ್ತಿನಲ್ಲಿ ಮಾತ್ರ. ಹಿಂಗಾಲು ಎಳೆದುಕೊಂಡು ನಡೆಯುವುದು, ಜೊಲ್ಲು ಸುರಿಸುತ್ತಾ ಪಂಜದಿಂದ ಬಾಯಿ ಕೆರೆದುಕೊಳ್ಳುವುದು, ಕರೆದರೂ ಎಲ್ಲೋ ನೋಡುತ್ತಾ ನಿಂತುಬಿಡುವುದು ಕಂಡರೆ ಒಂದೆರಡು ಹನಿಯನ್ನು ಒಸಡಿಗೆ ಸವರಿ. ಚೇತರಿಸಿಕೊಂಡು ನುಂಗುವಂತಾದ ಕೂಡಲೇ ಮಾಂಸದ ಆಹಾರ ತಿನ್ನಿಸಿ, ವೈದ್ಯರ ಬಳಿ ಓಡಿ. ಫಿಟ್ಸ್ ಬಂದಿದ್ದರೆ ಬಾಯೊಳಗೆ ಬೆರಳು ಹಾಕಬೇಡಿ, ಕಚ್ಚಿಬಿಡುತ್ತದೆ. ಹತ್ತಿಕಡ್ಡಿಯಿಂದ ಸವರಿ. ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸನಾಳಕ್ಕೆ ಇಳಿದೀತು.

ರಕ್ತದ ಗ್ಲೂಕೋಸ್ ಪರೀಕ್ಷೆಯಲ್ಲಿ 60 mg/dLಗಿಂತ ಕಡಿಮೆ ಬಂದರೆ ವೈದ್ಯರು ಇನ್ಸುಲಿನೋಮಾವನ್ನು ಬಲವಾಗಿ ಶಂಕಿಸುತ್ತಾರೆ. ಪ್ರೆಡ್ನಿಸೊಲೋನ್, ಡಯಾಜಾಕ್ಸೈಡ್ ಔಷಧಿಗಳಿವೆ, ಶಸ್ತ್ರಚಿಕಿತ್ಸೆಯೂ ಇದೆ. ಗಡ್ಡೆ ಮರಳುವುದುಂಟು. ಆದರೂ ಚಿಕಿತ್ಸೆ ಸಿಕ್ಕ ಎಷ್ಟೋ ಫೆರೆಟ್‌ಗಳು ತಿಂಗಳುಗಟ್ಟಲೆ, ಕೆಲವು ವರ್ಷಕ್ಕೂ ಮೀರಿ ನೆಮ್ಮದಿಯಾಗಿ ಬದುಕುತ್ತವೆ.