ಆಪ್‌ಡೇಟಾ ಡಿಲೀಟ್ ಮಾಡು ಗುರು!

ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಕೈಕೊಟ್ಟರೆ ನಮ್ಮ ಆಫೀಸಿನಲ್ಲಿ ಮೊದಲು ರೀಸ್ಟಾರ್ಟ್. ಆಮೇಲೆ ಅನ್‌ಇನ್‌ಸ್ಟಾಲ್, ಮತ್ತೆ ಇನ್‌ಸ್ಟಾಲ್. ಅದಕ್ಕೂ ಬಗ್ಗದಿದ್ದರೆ ಹಿಂದಿನ ಸೀಟಿನಿಂದ ಯಾರೋ ತಲೆ ಕೂಡ ಎತ್ತದೆ 'ಆಪ್‌ಡೇಟಾ ಡಿಲೀಟ್ ಮಾಡು ಗುರು, ಸರಿಹೋಗುತ್ತೆ' ಅನ್ನುತ್ತಾರೆ. ಹೇಳಿದವರ ಗಂಟೇನು ಹೋಗುತ್ತೆ, ಅಲ್ವಾ?

ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಆಪ್‌ಡೇಟಾ ಅಂದರೆ ಸಾಫ್ಟ್‌ವೇರ್‌ಗಳು ತಮ್ಮ ಸಾಮಾನು ಸರಂಜಾಮು ಇಟ್ಟುಕೊಳ್ಳೋ ಫೋಲ್ಡರ್. ವಿಂಡೋಸ್‌ನಲ್ಲಿ ವಿಎಸ್ ಕೋಡ್ ಅನ್ನೋ, ಪ್ರೋಗ್ರಾಮ್ ಬರೆಯುವ ಎಡಿಟರನ್ನು ಕಿತ್ತುಹಾಕಿದರೂ ಅದರ ಸೆಟ್ಟಿಂಗ್ಸ್ ಎಲ್ಲ ಆಪ್‌ಡೇಟಾದೊಳಗಿನ ರೋಮಿಂಗ್ ಫೋಲ್ಡರಿನಲ್ಲಿ ಹಾಗೇ ಕೂತಿರುತ್ತವೆ. ಸುಮ್ನೆ ರೀಇನ್‌ಸ್ಟಾಲ್ ಮಾಡೋದು, ಮನೆಗೆಲ್ಲ ಸುಣ್ಣ ಬಳಿದು ಅಟ್ಟದ ಇಲಿಯನ್ನು ಅಲ್ಲೇ ಬಿಟ್ಟ ಹಾಗೆ.

ಮೊನ್ನೆ ನಮ್ಮ ಟೀಮಿನ ಹುಡುಗನ ವಿಎಸ್ ಕೋಡ್ ತೆರೆದ ಕೂಡಲೇ ಗರಬಡಿದಂತೆ ನಿಲ್ಲತೊಡಗಿತು. ಹಿಂದಿನ ಸೀಟಿನ ಉಪದೇಶ ಬಂತು. ಹುಡುಗ ರೋಮಿಂಗ್ ತೆರೆದು, 'ಕೋಡ್' ಅನ್ನೋ ಫೋಲ್ಡರ್ ಹಿಡಿದು ಶಿಫ್ಟ್ ಡಿಲೀಟ್ ಒತ್ತಿಯೇಬಿಟ್ಟ. ಅಂದರೆ ರೀಸೈಕಲ್ ಬಿನ್ನಿನಲ್ಲೂ ಹುಡುಕುವಂತಿಲ್ಲ. ಸೈನ್ ಇನ್ ಆದಮೇಲೆ ಆನ್‌ಲೈನ್‌ನಲ್ಲಿ ಉಳಿದಿದ್ದ ಸಿಂಕ್ ಪ್ರತಿಯಿಂದ ಥೀಮು, ಶಾರ್ಟ್‌ಕಟ್ಟು ವಾಪಸ್ ಬಂದವು. ಮುಖ ಅರಳಿತು. ಮರುಕ್ಷಣವೇ, 'ಸರ್, ನನ್ನ ಅನ್‌ಟೈಟಲ್ಡ್ ಟ್ಯಾಬ್‌ಗಳೆಲ್ಲಿ?'

ಈ ಅನ್‌ಟೈಟಲ್ಡ್ ಟ್ಯಾಬ್ ಇದೆಯಲ್ಲ, ಪ್ರೋಗ್ರಾಮರ್‌ನ ನಿಜವಾದ ಡೈರಿ ಅದೇ. ಹೆಸರಿಲ್ಲ, ಸೇವ್ ಮಾಡಿಲ್ಲ, ಮೂಲೆಯಲ್ಲೊಂದು ಬಿಳಿ ಚುಕ್ಕೆ. ಮುಚ್ಚಿ ತೆರೆದರೂ ಇರುತ್ತೆ ಅನ್ನೋ ಧೈರ್ಯ. ಇರುತ್ತೆ ನಿಜ, ಆದರೆ ಅದೇ ಕೋಡ್ ಫೋಲ್ಡರಿನೊಳಗಿನ ಬ್ಯಾಕಪ್ಸ್‌ನಲ್ಲಿ! ಅರ್ಧ ಬರೆದ ಎಸ್‌ಕ್ಯೂಎಲ್, ಗ್ಯಾಸ್ ಕನ್ಸ್ಯೂಮರ್ ನಂಬರ್, ಅಪ್ರೈಸಲ್‌ನಲ್ಲಿ ಮ್ಯಾನೇಜರ್‌ಗೆ ಹೇಳಬೇಕೆಂದು ಬರೆದು ಎಂದೂ ಹೇಳದ ಮಾತುಗಳು, ಅಕ್ಕನ ಮದುವೆಗೆ ಕರೆಯಬೇಕಾದವರ ಪಟ್ಟಿ, ಅದೂ ಅಮ್ಮ ಫೋನಿನಲ್ಲಿ ಹೇಳಿ ಬರೆಸಿದ್ದು, ಎಲ್ಲ ಗೋವಿಂದ.

ಇಷ್ಟಾದರೂ ತೊಂದರೆ ಹೋಯಿತೇ? ಇಲ್ಲ. ತಂಟೆ ಮಾಡುತ್ತಿದ್ದದ್ದು ಯಾವುದೋ ಎಕ್ಸ್‌ಟೆನ್ಶನ್, ಅಂದರೆ ಎಡಿಟರಿಗೆ ಮೇಲಿಂದ ಜೋಡಿಸಿಕೊಂಡ ಪುಟ್ಟ ಸಾಫ್ಟ್‌ವೇರ್. ಅವುಗಳ ಬಿಡಾರ ಆಪ್‌ಡೇಟಾದಲ್ಲೇ ಇಲ್ಲ, ಯೂಸರ್ ಫೋಲ್ಡರಿನ 'ಡಾಟ್ ವಿಎಸ್‌ಕೋಡ್' ಒಳಗೆ. ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಆಫ್ ಮಾಡಿ ತೆರೆದು ನೋಡಿದ್ದರೆ ಮೊದಲೇ ಸಿಕ್ಕಿಬೀಳುತ್ತಿತ್ತು. ಇಲ್ಲ, ಫೋಲ್ಡರಿಗೇ ಕೈಹಾಕಬೇಕು ಅಂದರೆ ಹೆಸರು ಬದಲಿಸಿ 'ಕೋಡ್ ಹಳೇದು' ಅಂತ ಇಟ್ಟರಾಯ್ತು. ಹೊಸದು ತಾನಾಗೇ ಹುಟ್ಟಿಕೊಳ್ಳುತ್ತೆ, ಹಳೇದೂ ಕೈಯಲ್ಲೇ ಇರುತ್ತೆ. ಆದರೆ ಡಿಲೀಟ್ ಒತ್ತೋ ಸುಖ ಅದರಲ್ಲಿಲ್ಲ, ಒಪ್ಪಿದೆ.

ಸಂಜೆ ಕಾರಿಡಾರಿನಲ್ಲಿ ಹುಡುಗ ಫೋನಿನಲ್ಲಿದ್ದ. 'ಅಮ್ಮಾ, ಆ ಲಿಸ್ಟು ಇನ್ನೊಂದ್ಸಲ ಹೇಳಮ್ಮ.' ಆ ಕಡೆಯಿಂದ ಬಂದ ದನಿ ನನಗೂ ಕೇಳಿಸಿತು: 'ಕಂಪ್ಯೂಟರ್‌ನಲ್ಲಿದ್ರೆ ಕಳೆಯಲ್ಲ ಅಂದಿದ್ದೆಯಲ್ಲೋ!'