ಹೊಚ್ಚ ಹೊಸ ಹಳೇ ಸಲೂನು

ಮುಂಬಯಿಯ ಮಾಟುಂಗಾದಲ್ಲಿ ಹಳೆಯದಾಗುವುದಕ್ಕೆ ಈಗ ಭಾರೀ ಖರ್ಚು. ಮೊದಲೆಲ್ಲ ಅದು ಪುಕ್ಕಟೆ ಆಗುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆದು, ಗಣಪತಿ ಫೋಟೋಕ್ಕೆ ಊದುಬತ್ತಿ ಹಚ್ಚಿ, ಎರಡು ತಲೆಮಾರು ಕೂದಲು ಕತ್ತರಿಸುತ್ತ ನಿಂತರೆ ಅಂಗಡಿ ತನ್ನಷ್ಟಕ್ಕೆ ಹಳೆಯದಾಗುತ್ತಿತ್ತು. ಈಗ ಅದಕ್ಕೆ ಇಂಟೀರಿಯರ್ ಡಿಸೈನರ್ ಬೇಕು.

ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಮೂರು ಮಾಳಿಗೆಯ ಕಟ್ಟಡವಿದ್ದ ಜಾಗದಲ್ಲಿ ಟವರು ಎದ್ದಿದೆ. ಅದರ ಮುಂಭಾಗದಲ್ಲಿ ಗಂಡಸರ ಸಲೂನು. ಸಲೂನು ಎಂದರೆ ಅವರಿಗೆ ಮುನಿಸು, 'ಹೆರಿಟೇಜ್ ಬಾರ್ಬರ್ ಸ್ಟುಡಿಯೋ' ಅನ್ನಬೇಕು. ಹೆರಿಟೇಜಿಗೆ ಇನ್ನೂ ವರ್ಷ ತುಂಬಿಲ್ಲ. ಒಳಗೆ ಹಾಡದ ಗ್ರಾಮಫೋನು, ಬೇಕೆಂದೇ ಮಸುಕು ಮಾಡಿದ ಕನ್ನಡಿ, ಬಾಗಿಲಲ್ಲಿ ತಿರುಗುವ ಕೆಂಪು-ಬಿಳಿ-ನೀಲಿ ಕಂಬ. ಆ ಕಂಬ ನಮ್ಮದೂ ಅಲ್ಲ, ಯುರೋಪಿನದು. ಅಲ್ಲಿ ಕ್ಷೌರಿಕರೇ ಮೈಯ ರಕ್ತ ತೆಗೆದು ರೋಗ ವಾಸಿಮಾಡುತ್ತಿದ್ದ ಕಾಲವೊಂದಿತ್ತು. ಲಂಡನ್ನಿನಲ್ಲಿ 1540ರಿಂದ 1745ರವರೆಗೆ ಕ್ಷೌರಿಕರಿಗೂ ಶಸ್ತ್ರವೈದ್ಯರಿಗೂ ಒಂದೇ ಸಂಘ. ಕಂಬದ ಕೆಂಪು ರಕ್ತಕ್ಕೆ, ಬಿಳಿ ಬ್ಯಾಂಡೇಜಿಗೆ. ನಮ್ಮ ಸ್ಟುಡಿಯೋದಲ್ಲಿ ಆ ಚಿಕಿತ್ಸೆ ಬಿಲ್ಲಿನ ರೂಪದಲ್ಲಿ ಮುಂದುವರಿದಿದೆ.

ಸ್ಟುಡಿಯೋ ತಯಾರಾಗುವಾಗ ಬಡಗಿ ಕೆಲಸ ಫುಟ್‌ಪಾತಿನಲ್ಲೇ ನಡೆದಿತ್ತು. ಒಬ್ಬ ಹೊಸ ತೇಗದ ಹಲಗೆಯನ್ನು ನೆಲಕ್ಕೆ ಹಾಕಿ ಸೈಕಲ್ ಚೈನಿನಿಂದ ಬಾರಿಸುತ್ತಿದ್ದ. ಹತ್ತಿಪ್ಪತ್ತು ಏಟಾದ ಮೇಲೆ ಮೊಳೆ ಹಿಡಿದು, ಹುಳು ಕೊರೆದ ಹಾಗೆ ಸಣ್ಣ ಸಣ್ಣ ತೂತು. ಅದರ ಮೇಲೆ ಕಪ್ಪು ಮೇಣ. ಏನಪ್ಪ ಇದು ಎಂದರೆ ತಲೆ ಎತ್ತದೆ, "ಪುರಾನಾ ಬನಾ ರಹಾ ಹೂಂ ಸಾಬ್" ಎಂದ. ದಿನಕ್ಕೆ ನಾಲ್ಕು ಹಲಗೆಗೆ ನೂರು ವರ್ಷ ತುಂಬಿಸುತ್ತಿದ್ದನಂತೆ.

ಅದೇ ಜಾಗದಲ್ಲಿ, ಚೈನು ಮೊಳೆ ಏನೂ ಇಲ್ಲದೆ ಹಳೆಯದಾದ ಅಂಗಡಿಯೊಂದಿತ್ತು. ಕಾರ್ಕಳದ ಕಡೆಯಿಂದ ಬಂದ ತಂದೆ ಪಗಡಿ ಎಂಬ ಮುಂಗಡ ಕೊಟ್ಟು ಬಾಡಿಗೆಗೆ ಹಿಡಿದದ್ದು, ಮಗ ನಡೆಸಿದ್ದು, ಈಗ ಮೊಮ್ಮಗನೂ ಕತ್ತರಿ ಹಿಡಿದದ್ದು. ನಡುವಿನವರೇ ನಾವೆಲ್ಲ 'ಅಣ್ಣ' ಎನ್ನುವವರು. ಎದುರುಬದುರು ಕನ್ನಡಿ, ಒಳಗೆ ಕೂತವನಿಗೆ ತನ್ನ ಬೆನ್ನಿನ ಮೆರವಣಿಗೆಯೇ ಕಾಣಬೇಕು. ಬೆಂಚಿನ ಮೇಲೆ 'ಕರ್ನಾಟಕ ಮಲ್ಲ' ಪತ್ರಿಕೆ ಮೂರು ತುಂಡಾಗಿ ಮೂವರ ಕೈಯಲ್ಲಿ. ಮಕ್ಕಳು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ. ಆ ಹಲಗೆಯ ನಡುಭಾಗ ಎಷ್ಟೋ ಚಡ್ಡಿಗಳು ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ಗಡ್ಡ ಮುಗಿದ ಮೇಲೆ ಪಟಿಕದ ಕಲ್ಲು, ಉರಿದರೆ "ಉರೀಲಿಕ್ಕೇ ಹಾಕುದು" ಎಂಬ ಸಮಾಧಾನ. ಊರಲ್ಲಿ ಮಂಗಳವಾರ ಕ್ಷೌರವಿಲ್ಲ, ಇಲ್ಲಿ ಸಲೂನಿಗೆ ಸೋಮವಾರ ರಜೆ. ಊರಿಂದ ಬಂದ ನೆಂಟರಿಗೆ ಎರಡು ದಿನವೂ ಕೆಟ್ಟವೇ.

ಮುಂಬಯಿಯಲ್ಲಿ ಹಳೆಯ ಕಟ್ಟಡಗಳಿಗೆ ಎರಡು ದಾರಿ. ಚಂದವಿದ್ದರೆ 1995ರ ನಿಯಮಾವಳಿಯಂತೆ ಒಂದು, ಎರಡು, ಮೂರು ಎಂದು ಹೆರಿಟೇಜ್ ಗ್ರೇಡು. ತೀರಾ ಚಂದವಿದ್ದರೆ ಓವಲ್ ಮೈದಾನದ ಸುತ್ತಲಿನವುಗಳ ಹಾಗೆ ಯುನೆಸ್ಕೋ ಪಟ್ಟಿ. ಅದು 2018ರಲ್ಲಿ ಸಿಕ್ಕಿತು. ಚಂದವಿಲ್ಲದೆ ಬರೀ ಹಳೆಯದಾಗಿದ್ದು, 1969ಕ್ಕಿಂತ ಹಿಂದೆ ಕಟ್ಟಿದ ಸೆಸ್ ಕಟ್ಟಡ, ಅಂದರೆ ದುರಸ್ತಿಯ ತೆರಿಗೆ ಕಟ್ಟುವ ಕಟ್ಟಡವಾಗಿದ್ದರೆ, ಕೆಡವಿ ಕಟ್ಟಲು ಬಿಡುವ 33(7)ನೇ ನಿಯಮ, ಬಿಲ್ಡರ್, ಟವರು. ಕಲ್ಲಿಗೆ ಗ್ರೇಡು ಉಂಟು, ಕಮಾನಿಗೆ ಉಂಟು. ಕತ್ತರಿಗೆ ಗ್ರೇಡು ಕೊಡುವ ಸಮಿತಿ ಇನ್ನೂ ಹುಟ್ಟಿಲ್ಲ.

ಕಟ್ಟಡ ಕೆಡವುವಾಗ ಅಣ್ಣನಿಗೆ ಸಿಕ್ಕಿದ ತಾತ್ಕಾಲಿಕ ಅಂಗಡಿಯಲ್ಲಿ ಕುರ್ಚಿ ತಿರುಗಿಸಿದರೆ ಗಿರಾಕಿಯ ಮೊಣಕಾಲು ಗೋಡೆಗೆ ತಾಗುತ್ತಿತ್ತು. ಬೀಡುಕಬ್ಬಿಣದ ಎರಡು ಕುರ್ಚಿಗಳಲ್ಲಿ ಒಂದನ್ನು ಗುಜರಿಯ ಭಂಗಾರ್‌ವಾಲಾ ಕಿಲೋ ಲೆಕ್ಕದಲ್ಲಿ ಒಯ್ದ. ಅಲ್ಲಿಂದ ಅದು ಹಳೆ ಸಾಮಾನಿನ ಚೋರ್ ಬಜಾರಿಗೆ ಹೋಗಿರಬೇಕು. ಯಾಕೆಂದರೆ ಈಗ ಸ್ಟುಡಿಯೋದ ನಡುಮಧ್ಯೆ, ಸುತ್ತ ಕೆಂಪು ಹಗ್ಗ ಕಟ್ಟಿಸಿಕೊಂಡು, ಮೇಲಿನಿಂದ ದೀಪ ಬಿಡಿಸಿಕೊಂಡು ನಿಂತಿರುವುದು ಅದೇ. ಕಾಲಿಡುವ ಕಬ್ಬಿಣದ ಬಲಗಡೆ ಮುರಿದಾಗ ಹಾಕಿಸಿದ ಬೆಸುಗೆಯನ್ನು ಅಣ್ಣ ಗಾಜಿನ ಹೊರಗಿನಿಂದಲೇ ಗುರುತು ಹಿಡಿದರು. ಒಳಗೆ ಹೋದರೆ ಹಗ್ಗದ ಮೇಲೆ ಫಲಕ: 'ದಯವಿಟ್ಟು ಕುಳಿತುಕೊಳ್ಳಬೇಡಿ.'

"ನನ್ನಪ್ಪ ಅದರಲ್ಲಿ ಮಧ್ಯಾಹ್ನ ನಿದ್ದೆ ಮಾಡ್ತಿದ್ರು ಮಾರಾಯ್ರೆ" ಎಂದರು ಅಣ್ಣ.

ಸ್ಟುಡಿಯೋದಲ್ಲಿ ಕ್ಷೌರಕ್ಕೆ ಮೊದಲು ಮೊಬೈಲಿನಲ್ಲಿ ಒಂದು ಫಾರಂ ತುಂಬಬೇಕು. ಚಹಾ ಬೇಕೋ ಕಾಫಿಯೋ, ತಲೆ ತಿಕ್ಕುವ ಚಂಪಿ ಮೃದುವಾಗಿಯೋ ಗಟ್ಟಿಯಾಗಿಯೋ, ಮಾತು ಬೇಕೋ ಬೇಡವೋ. ಬೇಕು ಎಂದರೆ 'ಹಳೆಯ ಕಾಲದ ಹರಟೆ'ಯ ತರಬೇತಿ ಪಡೆದವನನ್ನು ಕಳಿಸುತ್ತಾರೆ. ಅವನು ಹವಾಮಾನದ ಬಗ್ಗೆ ಕೇಳುತ್ತಾನೆ. ಅಣ್ಣನ ಅಂಗಡಿಯಲ್ಲಿ ಇಂಥ ಆಯ್ಕೆ ಇರಲಿಲ್ಲ. ಉಡುಪಿ ಪರ್ಯಾಯ, ಕರ್ನಾಟಕದ ಸರಕಾರ ಬೀಳುವ ತಾರೀಕು, ಡೊಂಬಿವಲಿಯಲ್ಲಿ ಯಾರ ಮಗಳಿಗೆ ಯಾವ ಸಂಬಂಧ, ಎಲ್ಲವೂ ಕಟಿಂಗಿನೊಳಗೇ ಸೇರಿತ್ತು. ಕತ್ತಿ ಕುತ್ತಿಗೆಯ ಮೇಲಿರುವಾಗ ಎದುರು ವಾದಿಸುವ ಧೈರ್ಯ ಯಾವ ಪಕ್ಷದವರಿಗೂ ಇರುತ್ತಿರಲಿಲ್ಲ.

ಗಿರಾಕಿಗಳನ್ನು ನೋಡುವುದೂ ಒಂದು ಮೋಜು. ಊರಿನಲ್ಲಿ ಇದೇ ಕೆಲಸದವರನ್ನು ಅಂಗಳದಾಚೆ ನಿಲ್ಲಿಸಿ ಮಾತಾಡಿಸುತ್ತಿದ್ದ ಮನೆತನಗಳಿದ್ದವು. ಮದುವೆಗೂ, ಸತ್ತವರ ಬೊಜ್ಜಕ್ಕೂ ಅವರಿಲ್ಲದೆ ನಡೆಯದು, ಆದರೆ ಚಾವಡಿ ಹತ್ತುವ ಹಾಗಿಲ್ಲ. ಆ ಮನೆತನದ ಮೊಮ್ಮಗ ಈಗ ಎರಡು ದಿನ ಮುಂಚೆ ಅಪಾಯಿಂಟ್‌ಮೆಂಟ್ ಹಿಡಿದು, ಹೊರಗಿನ ಸೋಫಾದಲ್ಲಿ ತನ್ನನ್ನು ಒಳಗೆ ಕರೆಯುವುದನ್ನೇ ಕಾಯುತ್ತ ಕೂತಿರುತ್ತಾನೆ. ಇದೊಂದಕ್ಕೆ ಮಾತ್ರ ಸ್ಟುಡಿಯೋಗೆ ನನ್ನ ಪೂರ್ಣ ಬೆಂಬಲವಿದೆ.

2025ರ ಸೆಪ್ಟೆಂಬರ್ 22ರಿಂದ ಸಲೂನಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ವರ್ಷದ ವಹಿವಾಟು 20 ಲಕ್ಷ ದಾಟದ, ಹಾಗಾಗಿ ಜಿಎಸ್‌ಟಿಯ ಗೊಡವೆಯೇ ಇಲ್ಲದ ಅಣ್ಣನಿಗೆ ಅದು ಏರಿದ್ದೂ ಗೊತ್ತಿಲ್ಲ, ಇಳಿದದ್ದೂ ಗೊತ್ತಿಲ್ಲ. ಸ್ಟುಡಿಯೋದ ದರಪಟ್ಟಿಗೂ ಇಳಿದ ಸುದ್ದಿ ತಲುಪಿದ ಹಾಗಿಲ್ಲ.

ನಿಯಮದಂತೆ ಅಣ್ಣನಿಗೆ ಟವರಿನಲ್ಲಿ ಮೊದಲಿದ್ದಷ್ಟೇ ಜಾಗ ಸಿಕ್ಕಿದೆ. ಹಿಂಭಾಗದಲ್ಲಿ, ಪಾರ್ಕಿಂಗಿಗೆ ಇಳಿಯುವ ಇಳಿಜಾರಿನ ಪಕ್ಕ. ಉಳಿದ ಕುರ್ಚಿ, ಕನ್ನಡಿ, ಮಕ್ಕಳ ಹಲಗೆ ಎಲ್ಲ ಅಲ್ಲಿಗೆ ಬಂದಿವೆ. ಬೆನ್ನಿಗೇ ಟವರಿನ ಕಮಿಟಿಯ ಕಾಗದವೂ ಬಂತು.

ಕಾಗದ ಬರುವುದು ಅವರಿಗೆ ಹೊಸತಲ್ಲ. 2020ರ ಜೂನ್ 28ರಂದು ಲಾಕ್‌ಡೌನ್ ಸಡಿಲಿಸಿ ಸಲೂನು ತೆರೆಯಲು ಬಿಟ್ಟ ಸರಕಾರ, ಕೂದಲು ಕತ್ತರಿಸಿ, ಗಡ್ಡ ಮುಟ್ಟಬೇಡಿ ಎಂದಿತ್ತು. ಅಣ್ಣ ಕಿವಿಯ ಮಟ್ಟದಲ್ಲಿ ಕತ್ತರಿ ನಿಲ್ಲಿಸಿದರು, ಗಿರಾಕಿಗಳು ಮೇಲೆ ಮದುಮಗ, ಕೆಳಗೆ ಸನ್ಯಾಸಿಯಾಗಿ ಮನೆಗೆ ಹೋದರು. 2023ರ ನವೆಂಬರಿನೊಳಗೆ ಎಲ್ಲ ಅಂಗಡಿಗಳ ಬೋರ್ಡು ಮರಾಠಿಯಲ್ಲಿರಬೇಕು, ಬೇರೆ ಭಾಷೆಯ ಅಕ್ಷರ ಅದಕ್ಕಿಂತ ದೊಡ್ಡದಿರಬಾರದು ಎಂದಾಯಿತು. ಅಣ್ಣನ ಬೋರ್ಡಿನಲ್ಲಿ ಮರಾಠಿ ಮೊದಲಿನಿಂದಲೂ ಇತ್ತು, ಕನ್ನಡ ಒಂದು ಬೆರಳು ದೊಡ್ಡದಿತ್ತು. ಪೇಂಟರನ್ನು ಕರೆಸಿ ಆ ಬೆರಳನ್ನು ಅಳಿಸಿದರು. ಸ್ಟುಡಿಯೋದವರು ತಮ್ಮ ಇಂಗ್ಲಿಷ್ ಹೆಸರನ್ನೇ ದೇವನಾಗರಿಯಲ್ಲಿ ದಪ್ಪಗೆ ಬರೆಸಿ ಭಾಷಾಸೇವೆ ಮುಗಿಸಿದ್ದಾರೆ.

ಈ ಸಲದ ಕಾಗದ ಇಂಗ್ಲಿಷಿನಲ್ಲಿತ್ತು. ಅಣ್ಣ ನನ್ನ ಕೈಗೆ ಕೊಟ್ಟು ಓದಿಸಿದರು. ನಿಮ್ಮ ಅಂಗಡಿಯ ಕುರ್ಚಿ, ಕನ್ನಡಿ, ಬೆಂಚುಗಳು ತುಂಬ ಹಳೆಯದಾಗಿ ಕಾಣುತ್ತಿದ್ದು, ಟವರಿನ ಹೆರಿಟೇಜ್ ಥೀಮಿಗೆ ಹೊಂದುತ್ತಿಲ್ಲ; ಹದಿನೈದು ದಿನದೊಳಗೆ ಸರಿಪಡಿಸತಕ್ಕದ್ದು.

ಅಣ್ಣ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೇ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಆ ಚೈನಿನವನ ನಂಬರ್ ಉಂಟಾ ನಿಮ್ಮತ್ರ?" ಎಂದರು.