ಮಾಡೆಲ್ ಯಾವುದು ಅಂದರೆ "ಕೆಂಪುದು"

"ಯಾವ ಮಾಡೆಲ್ಲಮ್ಮಾ ನಿಮ್ಮ ಫ್ರಿಜ್ಜು?"

"ಕೆಂಪುದಪ್ಪಾ. ಬಾಗಿಲ ಮೇಲೆ ಹೂವಿದೆ ನೋಡು, ಅದು."

ದಾವಣಗೆರೆಯಲ್ಲಿರುವ ನಮ್ಮಮ್ಮ ಫೋನಿನಲ್ಲಿ ಮೆಕ್ಯಾನಿಕ್‌ಗೆ ಕೊಟ್ಟ ಉತ್ತರ ಇದು. ನಗಬೇಡಿ. ನಿಮ್ಮ ಮನೆ ಫ್ರಿಜ್ಜಿನ ಮಾಡೆಲ್ ನಂಬರ್ ಈಗ ಥಟ್ಟನೆ ಹೇಳಿ ನೋಡೋಣ. ನನಗೂ ಬರುತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಗೆ ನಾವು ಐದು ಸಾವಿರ ರೂಪಾಯಿ ಕಟ್ಟಿದೆವು.

ಮೊದಲ ಸುಳಿವು ಸಿಕ್ಕಿದ್ದು ಫ್ರಿಜ್ಜಿನಿಂದ ಅಲ್ಲ, ಕರೆಂಟ್ ಬಿಲ್ಲಿನಿಂದ. ಗೃಹಜ್ಯೋತಿ ಬಂದ ಮೇಲೆ ಅಮ್ಮನ ಮನೆಗೆ ಸೊನ್ನೆ ಬಿಲ್ಲು. ಹಿಂದಿನ ಸರಾಸರಿ ನೋಡಿ ನಿಮಗಿಷ್ಟು ಯೂನಿಟ್ ಅಂತ ಗೊತ್ತು ಮಾಡಿರುತ್ತಾರೆ. ಅದನ್ನು ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ದುಡ್ಡು. ಒಬ್ಬರೇ ಇರುವ ಮನೆ, ಯಾವತ್ತೂ ದಾಟಿದ್ದಿಲ್ಲ. ಫೆಬ್ರವರಿಯಲ್ಲಿ ದಾಟಿತು. ಅಮ್ಮ ಮೀಟರ್ ಓದುವ ಹುಡುಗನನ್ನು ಬೈದು ಸುಮ್ಮನಾದರು.

ಎರಡನೇ ಸುಳಿವು ದೋಸೆ ಹಿಟ್ಟು. ರಾತ್ರಿ ಫ್ರಿಜ್ಜಿಗಿಟ್ಟ ಹಿಟ್ಟು ಬೆಳಗ್ಗೆ ಉಬ್ಬಿ ಡಬ್ಬಿಯ ಮುಚ್ಚಳ ಎತ್ತಿತ್ತು. ಫ್ರಿಜ್ಜಿನೊಳಗೆ ಹಿಟ್ಟು ಉಬ್ಬಿತು ಅಂದರೆ ಅದು ಫ್ರಿಜ್ಜಲ್ಲ, ಬಾಗಿಲಿರೋ ಕಪಾಟು. ಆದರೆ ಮೇಲಿನ ಫ್ರೀಜರಿನಲ್ಲಿ ಐಸ್ ಕಲ್ಲಿನ ಹಾಗೆ ಗಟ್ಟಿಯಾಗೇ ಇತ್ತು. ಆ ಮಾತನ್ನು ಆಗ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಬಂದ ಮೆಕ್ಯಾನಿಕ್ ಬಾಗಿಲು ತೆಗೆದರು, ಕೈಯಿಟ್ಟು ನೋಡಿದರು, ಹಿಂದೆ ಕಂಪ್ರೆಸರ್ ಮುಟ್ಟಿದರು. "ಗ್ಯಾಸ್ ಹೋಗಿದೆ ಅಮ್ಮಾ." ಎರಡು ನಿಮಿಷದ ಕೆಲಸ. ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಒಯ್ದರು, ಎರಡು ದಿನ ಬಿಟ್ಟು ತಂದರು, ಎರಡೂವರೆ ಸಾವಿರ. ಫ್ರಿಜ್ ಜುಮ್ಮೆನ್ನುವಷ್ಟು ತಣ್ಣಗಾಯಿತು. ಹನ್ನೆರಡು ದಿನಕ್ಕೆ ಮತ್ತೆ ಹಿಟ್ಟು ಉಬ್ಬಿತು. ಇನ್ನೊಬ್ಬರನ್ನು ಕರೆದರು. ಅವರೂ "ಗ್ಯಾಸೇ, ಮೊದಲಿನವರು ಸರಿಯಾಗಿ ತುಂಬಿಲ್ಲ" ಅಂದರು. ಮತ್ತೆ ಅಂಗಡಿ, ಮತ್ತೆ ಎರಡೂವರೆ ಸಾವಿರ, ಮತ್ತೆ ಎರಡು ವಾರ.

ಮೂರನೇ ಸಲ ನಾನೇ ಊರಿಗೆ ಹೋದೆ. ನಾನು ಮೆಕ್ಯಾನಿಕ್ ಅಲ್ಲ. ಕೈಯಲ್ಲಿದ್ದದ್ದು ಒಂದು ಥರ್ಮಾಮೀಟರ್, ಒಂದು ಮೊಬೈಲು, ಅಷ್ಟೇ.

ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನಡುವಿನ ತಟ್ಟೆಯಲ್ಲಿಟ್ಟೆ, ರಾತ್ರಿಯೆಲ್ಲ ಬಿಟ್ಟೆ. ನೀರಿನಲ್ಲೇ ಇಡಬೇಕು. ಬರೀ ಗಾಳಿಯಲ್ಲಿಟ್ಟರೆ ಬಾಗಿಲು ತೆಗೆದ ತಕ್ಷಣ ಅಂಕಿ ಓಡುತ್ತೆ, ಏನೂ ಗೊತ್ತಾಗಲ್ಲ. ಕೆಳಗಿನ ಭಾಗ 4 ಡಿಗ್ರಿ ಆಸುಪಾಸು ಇರಬೇಕು, ಫ್ರೀಜರ್ ಮೈನಸ್ 18ರ ಹತ್ತಿರ. ಬೆಳಗ್ಗೆ ನೋಡಿದರೆ ಕೆಳಗೆ 13, ಫ್ರೀಜರಿನಲ್ಲಿ ಮೈನಸ್ 15. ಮೇಲೆ ಪರವಾಗಿಲ್ಲ, ಕೆಳಗೆ ಬಿಸಿ. ಗ್ಯಾಸ್ ಹೋಗಿದ್ದರೆ ಫ್ರೀಜರೂ ಸೊರಗಬೇಕಿತ್ತಲ್ವಾ?

ಆಮೇಲೆ ಮೀಟರ್ ಹತ್ತಿರ ನಿಂತೆ. ಫ್ರಿಜ್ ಬಿಟ್ಟು ಮನೆಯಲ್ಲಿ ಎಲ್ಲ ಆಫ್, ಯುಪಿಎಸ್ ಕೂಡ. ಮೀಟರಿನ ಮೇಲೆ ಕೆಂಪು ದೀಪದ ಪಕ್ಕ ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕುತ್ತೆ ಅಂತ ಬರೆದಿರುತ್ತೆ. ನಮ್ಮದರಲ್ಲಿ 3200. ಹತ್ತು ನಿಮಿಷದಲ್ಲಿ 50 ಸಲ ಮಿಣುಕಿತು. ಲೆಕ್ಕ ಹಾಕಿದರೆ ಸುಮಾರು 94 ವಾಟ್. ಈ ಅಂಕಿಯಲ್ಲಿ ತಪ್ಪೇನಿಲ್ಲ. ತಪ್ಪಿದ್ದದ್ದು ಬೇರೆ ಕಡೆ: ಒಂದು ಗಂಟೆ ಕಾದರೂ ಅದು ನಿಲ್ಲಲೇ ಇಲ್ಲ. ಸರಿಯಿರೋ ಫ್ರಿಜ್ ಸಾಕಷ್ಟು ತಣ್ಣಗಾದ ಮೇಲೆ ನಿಲ್ಲುತ್ತೆ, ಸುಧಾರಿಸಿಕೊಂಡು ಮತ್ತೆ ಶುರುವಾಗುತ್ತೆ. ಇದು ಹಗಲೂ ರಾತ್ರಿ ಓಡುತ್ತಿತ್ತು. ದಿನಕ್ಕೆ ಎರಡೂ ಕಾಲು ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 68. ಪಾಪ, ಮೀಟರ್ ಹುಡುಗ ಬೈಸಿಕೊಂಡಿದ್ದು ಸುಮ್ನೆ.

ಇನ್ನು ಆ ಕೆಂಪು ಫ್ರಿಜ್ ಯಾವುದು ಅನ್ನೋ ಪ್ರಶ್ನೆ. ಉತ್ತರ ತರಕಾರಿ ಡಬ್ಬಿಯ ಪಕ್ಕದ ಗೋಡೆಯಲ್ಲೇ ಇತ್ತು. ಹಸಿಮೆಣಸಿನಕಾಯಿ ಕವರಿನ ಹಿಂದೆ ಒಂದು ಸ್ಟಿಕರ್. ಕೆಲವು ಫ್ರಿಜ್ಜುಗಳಲ್ಲಿ ಹಿಂಬದಿಯಲ್ಲಿ, ಕಂಪ್ರೆಸರ್ ಹತ್ತಿರ ಅಂಟಿಸಿರುತ್ತಾರೆ. ಆ ಸ್ಟಿಕರ್ ಫ್ರಿಜ್ಜಿನ ಜಾತಕ ಅಂದುಕೊಳ್ಳಿ. ಮಾಡೆಲ್, ಸೀರಿಯಲ್ ನಂಬರ್, ಎಷ್ಟು ಲೀಟರ್, ಯಾವ ಗ್ಯಾಸ್, ಎಷ್ಟು ಗ್ರಾಂ, ಎಲ್ಲ ಅಲ್ಲಿದೆ. ಹವಾಮಾನದ ಗುರುತೂ ಇರುತ್ತೆ. "ಟಿ" ಅಂದರೆ ಹೊರಗೆ 43 ಡಿಗ್ರಿಯವರೆಗೆ ತಡೆಯೋ ಫ್ರಿಜ್, "ಎನ್" ಅಂದರೆ 32ರವರೆಗೆ ಮಾತ್ರ. ರಾಯಚೂರು, ಕಲಬುರಗಿ ಕಡೆಯವರು ಫಾರಿನ್‌ನಿಂದ ಬಂದ ಹಳೇ ಫ್ರಿಜ್ ತಗೊಳ್ಳೋ ಮುಂಚೆ ಈ ಒಂದು ಅಕ್ಷರ ನೋಡಿ.

ನಮ್ಮದರಲ್ಲಿ ಗ್ಯಾಸ್ ಆರ್-600ಎ ಅಂತಿತ್ತು, ತೂಕ 50 ಗ್ರಾಮಿನ ಒಳಗೆ. ಇದು ಐಸೊಬ್ಯುಟೇನ್. ನಮ್ಮ ಅಡುಗೆ ಸಿಲಿಂಡರಿನ ಗ್ಯಾಸಿನ ದಾಯಾದಿ, ಬೆಂಕಿ ಸೋಕಿದರೆ ಹೊತ್ತಿಕೊಳ್ಳುತ್ತೆ. ಚಿಕ್ಕಪ್ಪನ ಮನೆಯ ತೊಂಬತ್ತರ ದಶಕದ ಫ್ರಿಜ್ಜಿನಲ್ಲಿ ಆರ್-12 ಇತ್ತು. ಅದು ಓಜೋನ್ ಪದರಕ್ಕೆ ಕುತ್ತು ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಮೆಲ್ಲಗೆ ಮರೆಯಾಯಿತು. ನಡುವೆ ಆರ್-134ಎ ಬಂತು. ಒಂದಕ್ಕೆ ಹಾಕೋ ಗ್ಯಾಸ್ ಇನ್ನೊಂದಕ್ಕೆ ಆಗಲ್ಲ. ಅದಕ್ಕೇ ಗ್ಯಾಸ್ ತುಂಬಲು ಬಂದವರ ಹತ್ತಿರ ಗ್ರಾಂ ತೂಗುವ ತಕ್ಕಡಿ ಇದೆಯಾ ಅಂತ ಮೊದಲು ನೋಡಿ. 50 ಗ್ರಾಂ ಹಾಕೋ ಜಾಗದಲ್ಲಿ ಅಂದಾಜು ನಡೆಯಲ್ಲ.

ಇನ್ನೊಂದು ವಿಷಯ. ಗ್ಯಾಸ್ ಅನ್ನೋದು ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿ ಓಡಿ ಖಾಲಿಯಾಗೋಕೆ. ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತೆ, ಹೊಸದರಿಂದ ಹಳೇದಾಗುವವರೆಗೆ. ಹೋಗಿದೆ ಅಂದರೆ ಎಲ್ಲೋ ತೂತಾಗಿದೆ. "ಎಲ್ಲಿ ಲೀಕು, ತೋರಿಸಿ" ಅಂತ ಕೇಳಬೇಕು. ನಾವು ಎರಡು ಸಲವೂ ಕೇಳಲಿಲ್ಲ.

ಸ್ಟಿಕರ್ ಫೋಟೋ, ಎರಡು ಅಂಕಿ, ಮೀಟರ್ ಲೆಕ್ಕ ಹಿಡಿದು ಹಳೇ ಅಂಗಡಿಯೊಂದಕ್ಕೆ ಹೋದೆ. ಯಜಮಾನರಿಗೆ ಅರವತ್ತರ ಮೇಲೆ ವಯಸ್ಸು. ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಗ್ಯಾಸ್ ತುಂಬಿದಾಗ ಎಷ್ಟು ದಿನ ಆಫ್ ಇತ್ತು?" ಎರಡು ದಿನ ಅಂದೆ. ನಕ್ಕರು. "ಅದಕ್ಕೇ ಸರಿಹೋಗಿದ್ದು. ಗ್ಯಾಸಿಂದಲ್ಲ."

ಅವರು ಹೇಳಿದ್ದು ಇಷ್ಟು. ನಮ್ಮದರ ಥರದ ಫ್ರಾಸ್ಟ್ ಫ್ರೀ, ಅಂದರೆ ಐಸನ್ನು ತಾನೇ ಕರಗಿಸಿಕೊಳ್ಳೋ ಫ್ರಿಜ್ಜಿನಲ್ಲಿ ತಣ್ಣಗಾಗೋ ಕಾಯಿಲ್ ಫ್ರೀಜರಿನ ಹಿಂದಿನ ಹಲಗೆಯ ಒಳಗಿರುತ್ತೆ. ಒಂದು ಪುಟ್ಟ ಫ್ಯಾನು ಆ ತಣ್ಣನೆ ಗಾಳಿಯನ್ನು ಕೆಳಕ್ಕೆ ಊದುತ್ತೆ. ಕಾಯಿಲ್ ಮೇಲೆ ಕಟ್ಟೋ ಐಸನ್ನು ಆಗಾಗ ಒಂದು ಹೀಟರ್ ಕರಗಿಸುತ್ತೆ. ಆ ಹೀಟರ್ ಹತ್ತದಿದ್ದರೆ ಐಸ್ ಬೆಳೆದು ಗೋಡೆಯಾಗುತ್ತೆ, ಗಾಳಿಗೆ ದಾರಿಯಿಲ್ಲ. ಮೇಲೆ ಹಿಮಾಲಯ, ಕೆಳಗೆ ದಾವಣಗೆರೆ. ಕೆಳಗೆ ತಣ್ಣಗಾಗಲಿ ಅಂತ ಕಂಪ್ರೆಸರ್ ಓಡುತ್ತಲೇ ಇರುತ್ತೆ. ಅಂಗಡಿಯಲ್ಲಿ ಎರಡು ದಿನ ಆಫ್ ಆಗಿ ಬಿದ್ದಿದ್ದಾಗ ಐಸ್ ತಾನಾಗಿ ಕರಗಿತು. ಮತ್ತೆ ಗೋಡೆ ಕಟ್ಟೋಕೆ ಎರಡು ವಾರ ಹಿಡಿಯಿತು. ನಾವು ಐದು ಸಾವಿರ ಕೊಟ್ಟಿದ್ದು ಪ್ಲಗ್ ಕಿತ್ತಿದ್ದಕ್ಕೆ!

ಮನೆಗೆ ಬಂದು ಪ್ಲಗ್ ತೆಗೆದು ಹಲಗೆ ಬಿಚ್ಚಿದರು. ಒಳಗೆ ಬೆಳ್ಳಗೆ ಗಟ್ಟಿ ಐಸ್. ಅಮ್ಮ ಚಾಕು ತರೋಕೆ ಹೊರಟಿದ್ದರು. "ಬೇಡ ತಾಯಿ, ಪೈಪಿಗೆ ತಾಗಿದರೆ ಆಗ ನಿಜವಾಗಲೂ ಗ್ಯಾಸ್ ಹೋಗುತ್ತೆ" ಅಂತ ತಡೆದರು. ಕರಗಿದ ಮೇಲೆ ಮಲ್ಟಿಮೀಟರ್ ಹಿಡಿದು ನೋಡಿದರು. ಹೀಟರ್ ಚೆನ್ನಾಗೇ ಇತ್ತು. ಬೈಮೆಟಲ್ ಅನ್ನೋ ಸಣ್ಣ ಬಿಲ್ಲೆಯನ್ನು ಚೆನ್ನಾಗಿ ತಣ್ಣಗಾಗಿಸಿ ಪರೀಕ್ಷೆ ಮಾಡಿದರು, ತಣ್ಣಗಿದ್ದಾಗ ಮಾತ್ರ ಅದು ಹೀಟರಿಗೆ ಕರೆಂಟ್ ಬಿಡುತ್ತಂತೆ. ಅದೂ ಸರಿ. ಹೋಗಿದ್ದದ್ದು ಅದರ ಜೊತೆಗಿರೋ, ಅತಿ ಬಿಸಿಯಾದರೆ ಹೀಟರಿನ ಕರೆಂಟ್ ಕಡಿಯೋ ಥರ್ಮಲ್ ಫ್ಯೂಸ್. ಬೆರಳಿನ ತುದಿಯಷ್ಟು ವಸ್ತು. ಬೈಮೆಟಲ್ ಜೊತೆ ಸೆಟ್ಟಾಗಿ ಬಂತು, 350 ರೂಪಾಯಿ. ಆ ಸೆಟ್ ಸಿಕ್ಕಿದ್ದೂ ಸ್ಟಿಕರಿನ ಮಾಡೆಲ್ ನಂಬರಿನಿಂದ. ಕೆಂಪು ಬಣ್ಣಕ್ಕೆ ಬಿಡಿಭಾಗ ಸಿಗಲ್ಲ.

ಅವರ ಕೂಲಿ 600. ಅಮ್ಮ ಅಲ್ಲೇ ಚೌಕಾಸಿಗೆ ನಿಂತರು, "350ರ ಸಾಮಾನಿಗೆ 600 ಕೂಲೀನಾ?" ಅಂತ. ನನಗೆ ಕಿರಿಕಿರಿಯಾಗಿದ್ದು ಇಲ್ಲೇ. ಅಳೆಯದೆ ಬಾಯಿಗೆ ಬಂದದ್ದು ಹೇಳಿದವರಿಗೆ ಐದು ಸಾವಿರ ತುಟಿ ಪಿಟಕ್ಕೆನ್ನದೆ ಕೊಟ್ಟೆವು, ಯಾಕಂದರೆ ಅವರು "ಗ್ಯಾಸ್" ಅನ್ನೋ ಸಾಮಾನು ಮಾರಿದರು. ಮೂರು ಗಂಟೆ ಕೂತು ತಪ್ಪು ಹುಡುಕಿದವರ ಹತ್ತಿರ ಚೌಕಾಸಿ. "ಬರೀ ನೋಡಿದ್ದಕ್ಕೆ ದುಡ್ಡು ಯಾಕೆ?" ಅಂತ ನಾವು ಎಷ್ಟು ಸಲ ಕೇಳಿಲ್ಲ? ನೋಡಿದ್ದಕ್ಕೆ ದುಡ್ಡಿಲ್ಲ ಅಂದರೆ ಯಾರು ತಾನೇ ನೋಡುತ್ತಾರೆ? ಕೈಯಿಟ್ಟು, ಗ್ಯಾಸ್ ಅಂದು, ಆಟೋ ಕರೆಯುತ್ತಾರೆ. ಮೊದಲ ಇಬ್ಬರ ಮೇಲೆ ಈಗ ನನಗೆ ಅಷ್ಟು ಸಿಟ್ಟಿಲ್ಲ. ಅವರನ್ನು ಹಾಗೆ ಅಭ್ಯಾಸ ಮಾಡಿಸಿದವರು ನಾವೇ ಅನ್ನಿಸುತ್ತೆ. 600 ಕೊಟ್ಟೆ, ಮೇಲೆ ಕಾಫಿ.

ಎಲ್ಲ ಫ್ರಿಜ್ಜಿಗೂ ಇದೇ ರೋಗ ಅಂತಲ್ಲ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ಹೀಗೇ ಓಡುತ್ತೆ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ, ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ. ಹಳ್ಳಿ ಕಡೆ ವೋಲ್ಟೇಜ್ ಬಿದ್ದಾಗ ಕಂಪ್ರೆಸರ್ ಗುಂಯ್ ಅಂದು ಟಕ್ ಅಂತ ನಿಲ್ಲುತ್ತೆ, ಅದಕ್ಕೆ ಸ್ಟೆಬಿಲೈಜರ್ ಮದ್ದು.

ಈಗ ಅಮ್ಮನ ಫ್ರಿಜ್ಜಿನಲ್ಲಿ ಲೋಟ ಅಲ್ಲೇ ಇದೆ. ದಿನಾ ಬೆಳಗ್ಗೆ ಫೋನ್: "ಇವತ್ತು ನಾಲ್ಕು ಕಣೋ." ಸ್ಟಿಕರ್ ಫೋಟೋ ಫ್ಯಾಮಿಲಿ ಗ್ರೂಪಿನಲ್ಲಿದೆ. ಬಿಲ್ಲು ಮತ್ತೆ ಸೊನ್ನೆ. ಒಂದೇ ತಕರಾರು, ನಿನ್ನೆ ಹೇಳಿದರು: "ಹಿಟ್ಟು ಉಬ್ಬೋದೇ ಇಲ್ವಲ್ಲೋ ಈಗ. ಕೆಟ್ಟಿದ್ದಾಗ ದೋಸೆ ಎಷ್ಟು ಚೆನ್ನಾಗಿ ಬರ್ತಿತ್ತು!"